ಓಗೊಟ್ಟವರು

ತಿಲಗವತಿಯನ್ನು ಗುಡಿಯ ಹಿಂದಿನ ಬೇವಿನ ಬುಡಕ್ಕೆ ಎಳೆತಂದು ಕೂರಿಸಿದವಳು ಪೊನ್ನಮ್ಮಾಳ್. ಕೂರಿಸಿ, ಪಕ್ಕದಲ್ಲೇ ತಾನೂ ಕಾಲು ಚಾಚಿದಳು. ಪೂಜಾರಿಯಾಗಲು ನಿಂತವನ ಹೆತ್ತ ತಾಯಿ ಗುಡಿಯೊಳಗೆ ಇರಕೂಡದು, ಅವಳ ಮೇಲೊಬ್ಬರ ಕಣ್ಣಿರಬೇಕು ಎಂಬುದು ಕಟ್ಟಳೆ. ಕಾವಲಿಗೆ ಸಿಕ್ಕವಳು ನೋಡಿದರೆ ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು ಕೇಳದ ಈ ನಾದಿನಿ. ಕುಲದ ಹಿರಿಯರ ಬುದ್ಧಿವಂತಿಕೆ ಯಾವಾಗಲೂ ಹೀಗೇ.

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಕುಲದೇವಿ ಹೊಸಿಲವ್ವನಿಗೆ ಪೂಜಾರಿಯನ್ನು ಯಾರೂ ನೇಮಿಸುವುದಿಲ್ಲ. ನಿಂತವನು ಮುಚ್ಚಿದ ಬಾಗಿಲ ಮುಂದೆ ‘ಅವ್ವಾ, ಬಂದಿವ್ನಿ, ಕದ ತೆಗಿ’ ಎಂದು ಮನೆಮಾತಾದ ಕನ್ನಡದಲ್ಲಿ ಮೂರು ಸಲ ಕೂಗಬೇಕು. ನೆರೆದ ಹೆಂಗಸರಲ್ಲಿ ಯಾರ ಬಾಯಿಂದಲಾದರೂ ತಾನಾಗಿ ‘ಓ’ ಎಂದು ಬಂದರೆ ಅದು ದೇವಿ ಓಗೊಟ್ಟಂತೆ, ಅವನೇ ಪೂಜಾರಿ. ಮಗ ಕೂಗಿದರೆ ಯಾವ ತಾಯಿ ತಾನೇ ಸುಮ್ಮನಿದ್ದಾಳು? ಅದಕ್ಕೇ ಅವಳು ಹೊರಗೆ. ಓ ಅಂದವಳು ತಾಯಿಯೇ ಎಂದು ಗೊತ್ತಾದರೆ ಕೂಗು ಕೆಟ್ಟಿತು. ಆಮೇಲೆ ಅವನು ಎಂದೂ ನಿಲ್ಲುವಂತಿಲ್ಲ.

ಹಳೆಯ ಪೂಜಾರಿ ಮುರುಗನ್ ತೀರಿಕೊಂಡ ಮೇಲೆ ಆ ಬಾಗಿಲು ತೆರೆದಿರಲಿಲ್ಲ. ತೇವಾರಂ ಊರಿನವನೊಬ್ಬ ಬಂದು ಕೂಗಿ ಹೋದ. ದಿಂಡಿಗಲ್‌ನಿಂದ ಬಂದವನು ಮೊಬೈಲು ನೋಡಿಕೊಂಡು ಕೂಗಿದ. ಒಬ್ಬ ಹೆಂಗಸೂ ಬಾಯಿ ಬಿಡಲಿಲ್ಲ. ಈ ಸಲವೂ ಹೀಗಾದರೆ ಬೇರೆ ಕಡೆಯಿಂದ ತಮಿಳು ಪೂಜಾರಿಯನ್ನು ಸಂಬಳಕ್ಕೆ ತರುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಹೊಸಿಲವ್ವನಿಗೆ ತಮಿಳು ಎಲ್ಲಿ ಬರುತ್ತದೆ ಎಂದು ಮುದುಕಿಯರು ಕಣ್ಣೀರು ಹಾಕಿದ್ದೂ ಆಗಿತ್ತು. ಆಗ ಮುಂದೆ ಬಂದವನು ತಿಲಗವತಿಯ ಒಬ್ಬನೇ ಮಗ ಶಿವಬಾಲನ್, ಕಂಬಂನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟವನು. ತಾಯಿಯನ್ನು ಒಂದು ಮಾತು ಕೇಳಲಿಲ್ಲ.

ತಿಲಗವತಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಪೂಜಾರಿಯಾದವನಿಗೆ ದೇವಿಯೊಬ್ಬಳೇ ತಾಯಿ. ಹೆತ್ತವಳನ್ನು ಅವನು ತಾಯಿಯೆಂದು ಕರೆಯುವಂತಿಲ್ಲ, ಅವಳು ಸತ್ತರೆ ಕೊಳ್ಳಿ ಇಡುವಂತಿಲ್ಲ. ಶಾಲೆಗೆ ಸೇರಿದಂದಿನಿಂದ ಅವನು ಅವಳನ್ನು ಕರೆಯುತ್ತಿದ್ದದ್ದು ತಮಿಳರ ಮಕ್ಕಳ ಹಾಗೆ ‘ಅಮ್ಮಾ’ ಎಂದು. ಅವ್ವ ಬೇಡ, ಅಮ್ಮ ಅಂದರೆ ನಡೆದೀತೇ ಎಂದು ಅವಳು ಕುಲದ ಹಿರಿಯ ಪೆರಿಯಣ್ಣನ್‌ನನ್ನು ಕೇಳಿದಳು. ಯಾವ ಭಾಷೆಯಾದರೇನು, ತಾಯಿ ತಾಯೇ ಎಂದು ಆತ ಒಂದೇ ಮಾತಿಗೆ ಮುಗಿಸಿಬಿಟ್ಟ.

ಕೂಗು ಕಲಿಸೆಂದು ಮಗ ಬಂದು ಕೂತಾಗ ಅವಳು ಕಲಿಸಿದಳು. ಆದರೆ ‘ಕದ’ ಎಂಬುದು ಅವನ ನಾಲಿಗೆಯಲ್ಲಿ ‘ಕದೈ’ ಆಗುತ್ತಿತ್ತು. ಕದೈ ಅಂದರೆ ತಮಿಳಿನಲ್ಲಿ ಕತೆ. ಬಾಗಿಲು ತೆಗೆ ಎನ್ನುವ ಬದಲು ದೇವಿಗೆ ಕತೆ ತೆಗೆ ಎನ್ನುತ್ತಿದ್ದ. ತಿಲಗವತಿ ತಿದ್ದಲಿಲ್ಲ. ಸರಿಯಾಗಿದೆ, ಹಾಗೇ ಹೇಳು ಅಂದಳು. ಹೆಂಗಸರು ನಗಲಿ, ನಕ್ಕ ಬಾಯಿಂದ ಓ ಬರುವುದಿಲ್ಲ, ಮಗ ಮನೆಗೆ ಬಂದು ಉಣ್ಣಲಿ. ಇದು ಸ್ವಾರ್ಥವೆಂದು ಅವಳಿಗೂ ಗೊತ್ತಿತ್ತು. ಇರುವವನೊಬ್ಬ ಮಗ, ಸ್ವಾರ್ಥವಲ್ಲದೆ ಇನ್ನೇನಿದ್ದೀತು?

ಗೋಡೆಯ ಆಚೆ ಗದ್ದಲ ನಿಂತಿತು. ಶಿವಬಾಲನ್ ಕೂಗಿದ. ಕದೈ ತೆಗಿ. ಎಲ್ಲೋ ಒಂದು ಹುಡುಗಿ ಕಿಸಕ್ಕೆಂದಿತು, ಅದರ ಹಿಂದೆ ಹೆಂಗಸರೆಲ್ಲ ನಕ್ಕರು. ಎರಡನೆಯ ಸಲ ಅವನ ಗಂಟಲು ಒಡೆದಿತ್ತು, ತಪ್ಪು ಮಾತ್ರ ಅದೇ. ಈ ಸಲ ನಗು ಬರಲಿಲ್ಲ. ಅದು ನಗುವಿಗಿಂತ ಕಡೆಯಾಗಿತ್ತು. ತಿಲಗವತಿ ನೆಲದ ಬೇವಿನಕಾಯಿಗಳನ್ನು ಬೆರಳಿನಿಂದ ಒತ್ತುತ್ತ ಕೂತಳು. ಇನ್ನೊಂದು ಸಲ, ಆಮೇಲೆ ಮುಗಿಯಿತು ಎಂದುಕೊಂಡಳು.

ಮೂರನೆಯ ಸರದಿ ಬಂತು. ಶಿವಬಾಲನ್ “ಅವ್ವಾ” ಎಂದ. ಅಷ್ಟೇ. ಬಂದಿದ್ದೇನೆಂದೂ ಅನ್ನಲಿಲ್ಲ, ಕದವನ್ನೂ ಕೇಳಲಿಲ್ಲ. ದಿಕ್ಕು ತೋಚದವನ ದನಿ.

“ಓ,” ಎಂದಳು ತಿಲಗವತಿ.

ಸೆರಗನ್ನು ಬಾಯಿಗೆ ಒತ್ತುವಷ್ಟರಲ್ಲಿ ಒಳಗೆ ಉರುಮಿಯ ಬಡಿತ ಶುರುವಾಗಿತ್ತು. ಕದ ತೆರೆದ ಸದ್ದು, ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕುಲವಿ. ಪೆರಿಯಣ್ಣನ್ ಗುಡಿಯ ಮೂಲೆ ಸುತ್ತಿ ಏದುಸಿರು ಬಿಡುತ್ತ ಬಂದ.

“ಓ ಅಂದದ್ದು ಹಿಂದ್ಲಿಂದ ಬಂದಂಗಾಯ್ತು,” ಎಂದ. “ನಿಜ ಸೊಲ್ಲು ತಂಗಚ್ಚಿ. ನೀನಾ?”

ಪೊನ್ನಮ್ಮಾಳ್‌ಗೆ ಆತನ ಮುಖ ನೋಡಿಯೇ ಪ್ರಶ್ನೆ ತಿಳಿಯಿತು. ತಾನು ಪಕ್ಕ ಬಿಟ್ಟು ಕದಲಿಲ್ಲ, ಇವಳು ಉಸಿರು ಕೂಡ ಬಿಡಲಿಲ್ಲ ಎಂದು ದೇವಿಯ ಮೇಲೆ ಆಣೆ ಇಟ್ಟಳು. ಪೆರಿಯಣ್ಣನ್ ಅವಳತ್ತ ತಿರುಗಲೇ ಇಲ್ಲ, ತಿಲಗವತಿಯನ್ನೇ ನೋಡುತ್ತಿದ್ದ. ನಾನೇ ಎಂದರೆ ಮಗ ಉಳಿಯುತ್ತಿದ್ದ. ಆ ಮಾತು ತುಟಿಯ ತನಕ ಬಂದಿತ್ತು.

ಆತನ ಹೆಗಲಾಚೆ ಗುಡಿಯ ಅಂಗಳ ಕಾಣುತ್ತಿತ್ತು. ಕೊರಳಲ್ಲಿ ಮಾಲೆ ಹಾಕಿಸಿಕೊಂಡ ಶಿವಬಾಲನ್‌ನನ್ನು ಮುದುಕಿಯರು ಮುತ್ತಿಕೊಂಡಿದ್ದರು. ಅವರು ಮನೆಮಾತಿನಲ್ಲಿ ಏನೇನೋ ಕೇಳುತ್ತಿದ್ದರು, ಅವನು ಅದರಲ್ಲೇ ತಡವರಿಸಿ ಉತ್ತರ ಕೊಡುತ್ತಿದ್ದ, ತಪ್ಪಿದಾಗ ತಾನೇ ನಗುತ್ತಿದ್ದ. ಪೈಪಿನಂಗಡಿಯಲ್ಲಿ ಅವನು ಹೀಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

“ನಾನಲ್ಲಣ್ಣ,” ಎಂದಳು. “ಹೊಸಿಲವ್ವನೇ ಅಂದಿರ್ಬೇಕು.”

ತೀರ್ಥ ಕೊಡುವಾಗ ಅವಳು ಎಲ್ಲರ ಜತೆ ಸಾಲಿನಲ್ಲಿ ನಿಂತಳು. ಹೊಸ ಪೂಜಾರಿ ಒಬ್ಬೊಬ್ಬರಿಗೂ ಉದ್ಧರಣೆಯಲ್ಲಿ ನೀರು ಹಾಕುತ್ತ ಬಂದ. ಅವಳ ಮುಂದೆ ಅವನ ಕೈ ನಿಂತಿತು. ತುಟಿ ಕೂಡಿ, ಮತ್ತೆ ಬಿಟ್ಟಿತು.

“ಹಿಡೀರಿ,” ಎಂದ.

ಹುಟ್ಟಿದಾಗಿನಿಂದ ಅವನು ಅವಳಿಗೆ ಬಹುವಚನ ಹಚ್ಚಿದವನಲ್ಲ. ತಿಲಗವತಿ ಬೊಗಸೆ ಒಡ್ಡಿ ಕುಡಿದಳು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.