ಒಳಗೆ ಬಿಟ್ಟ ಬಟ್ಟೆ

ಬಾಯಲ್ಲಿ ಗುಂಡುಸೂಜಿ ಇಲ್ಲದಾಗಲೂ ಅತ್ತೆ ಮಾತಾಡುತ್ತಿದ್ದದ್ದು ತುಟಿಯ ಎಡತುದಿಯಿಂದಲೇ. ಆಯುಷ್ಯವೆಲ್ಲ ಹೊಲಿಗೆ ಯಂತ್ರದ ಮುಂದೆ ಕಳೆದ ಆ ಬಾಯಲ್ಲಿ ಬಲಭಾಗವೆಂದರೆ ಸೂಜಿಗಳ ಸ್ವಂತ ಜಾಗ. ಕೊರಳಲ್ಲಿ ಸದಾ ಅಳತೆಪಟ್ಟಿ, ತುಸು ವಾಲಿದ ನಡಿಗೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಕಣ್ಣಲ್ಲೇ ಗೋಡೆಯಿಂದ ಗೋಡೆಗೆ ಒಂದು ಅಳತೆ. ಹೊಸದಾಗಿ ಬಂದಾಗ ಸೊಸೆಗೆ ನಾಚಿಕೆಯಾಗುತ್ತಿತ್ತು. "ಬೇರೆಯವರ ಮನೇಲಿ ಹಾಗೆ ನೋಡ್ಬೇಡಿ ಅತ್ತೆ" ಎಂದರೆ, "ನೋಡಿದ್ರೆ ಗೋಡೆ ಸವೆಯುತ್ತೇನೇ?" ಎಂಬ ಉತ್ತರ.

ಆ ನೋಟಕ್ಕೆ ಫಲವೂ ಇತ್ತು. ಬೀದಿಯ ಹಳೆಯ ಮನೆಗಳೆಲ್ಲ ದೊಡ್ಡ ಸಂಸಾರಗಳಿಗೆಂದು ಕಟ್ಟಿದವು; ಈಗ ಕೆಲವುಗಳಲ್ಲಿ ಇಬ್ಬರೇ, ಕೆಲವು ಕೋಣೆಗಳಲ್ಲಿ ಬರೀ ಧೂಳು. ಮೂಲೆಮನೆಯವರ ಕಾರೇ ಇಲ್ಲದ ಕಾರ್‌ಶೆಡ್ಡಿಗೆ ಕಿಟಕಿ ಇಡಿಸಿ ಅಲ್ಲೊಬ್ಬ ನರ್ಸಮ್ಮನನ್ನು ನೆಲೆಗೊಳಿಸಿದವರು ಅತ್ತೆಯೇ. ಕಂಟ್ರಾಕ್ಟರುಗಳು "ಕೆಡವಿ ಹೊಸದಾಗಿ ಕಟ್ಟಿಸಿಬಿಡಿ" ಎಂದಾಗಲೆಲ್ಲ ಅವರಿಗೆ ರೇಗುತ್ತಿತ್ತು. "ಮಗು ಬೆಳೀತು ಅಂತ ಅಂಗಿ ಹರಿದುಹಾಕ್ತಾರಾ? ಒಳಗೆ ಬಟ್ಟೆ ಬಿಟ್ಟಿರ್ತಾರಪ್ಪ, ಹೊಲಿಗೆ ಬಿಚ್ಚಿದ್ರೆ ಸಾಕು."

ಹೊಲಿಗೆ ಬಿಚ್ಚುವ ಸರದಿ ಸ್ವಂತ ಮನೆಗೇ ಬಂತು. ಸೊಸೆಗೆ ಎರಡನೆಯ ಬಸಿರು. ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಅತ್ತೆ, ಅವರ ಯಂತ್ರ, ಊರವರ ಬಟ್ಟೆ. ಇನ್ನೊಂದರಲ್ಲಿ ಗಂಡ, ಹೆಂಡತಿ, ಪುಟ್ಟ ಮಗಳು; ಒಬ್ಬರು ಮಗ್ಗುಲು ಬದಲಿಸಿದರೆ ಮೂವರೂ ಬದಲಿಸಬೇಕು. ಗಂಡ ಊರಾಚೆ ಬಾಡಿಗೆಮನೆ ನೋಡಿ ಬಂದ. ಅಲ್ಲಿಗೆ ಹೋದರೆ ಮಗಳು ಅಜ್ಜಿಯ ಮಡಿಲು ಬಿಡಬೇಕು, ಸೊಸೆ ಪಕ್ಕದ ಬೀದಿಯ ಔಷಧದಂಗಡಿಯ ಕೆಲಸ ಬಿಡಬೇಕು. ತಾರಸಿಯ ಮೇಲೆ ಎರಡು ಕೋಣೆ ಎಬ್ಬಿಸಿದರೆ ತಳಪಾಯ ತಾಳುತ್ತದೆಂದು ಇಂಜಿನಿಯರು ಹೇಳಿದ್ದರು. ಆದರೆ ಮೆಟ್ಟಿಲಿಗೆ ಒಳಗೆ ಜಾಗವಿಲ್ಲ. ಪಕ್ಕದ ಓಣಿಯಲ್ಲಿ ಇಡಬೇಕೆಂದರೆ ನೆರೆಮನೆಯವರ ಒಂದಡಿ ಬೇಕು.

ನೆರೆಮನೆಯವರು ನಿವೃತ್ತ ಹೆಡ್‌ಮೇಷ್ಟ್ರು. ಅವರಿಗೂ ಅತ್ತೆಗೂ ವರ್ಷಗಳಿಂದ ಮಾತಿಲ್ಲ. ಬೀಳ್ಕೊಡುಗೆಗೆಂದು ಹೊಲಿಸಿದ ಬೂದುಬಣ್ಣದ ಕೋಟಿನ ಗುಂಡಿ ಕೂಡದೆ ಹೋದಾಗ ಮೇಷ್ಟ್ರು "ಅಳತೆ ತಪ್ಪಿದೆ" ಎಂದರಂತೆ. ಅತ್ತೆ ನಾಲ್ಕು ಜನರೆದುರು, "ಕೋಟು ಸರಿಯಾಗಿದೆ ಮೇಷ್ಟ್ರೇ, ಹೊಟ್ಟೆ ತಪ್ಪಾಗಿದೆ" ಎಂದರಂತೆ.

"ಅವರನ್ನ ಕೇಳೋದಾ? ನಾಲಿಗೆ ಬೇಕಾದ್ರೆ ಕತ್ತರಿಸ್ಕೊಡ್ತೀನಿ, ತಗೊಂಡ್ಹೋಗಿ ನೀನೇ ಕೇಳು" ಎಂದರು ಸೊಸೆಗೆ.

ಸೊಸೆ ಟ್ರಂಕು ತೆರೆದು ಮಗಳ ಫ್ರಾಕುಗಳನ್ನು ಮಡಿಸತೊಡಗಿದಳು. ಅತ್ತೆ ಒಂದನ್ನೆತ್ತಿ ಅಂಚು ತಿರುವಿ, ತಾವೇ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೆಬ್ಬೆರಳಿನಿಂದ ತುಂಬ ಹೊತ್ತು ಸವರಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಸೊಸೆ ಕಿಟಕಿಗೆ ಕಿವಿಗೊಟ್ಟಳು.

"ಮೇಷ್ಟ್ರೇ, ಆ ಕೋಟು ಇದೆಯಾ?"

"ಇದೆ, ನಿಮ್ಮ ದಯದಿಂದ ಹೊಸದಾಗೇ ಇದೆ."

"ತನ್ನಿ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದೀನಿ. ಬಿಚ್ಚಿಕೊಡ್ತೀನಿ."

"ಆವತ್ತೇ ಯಾಕಮ್ಮ ಬಿಚ್ಚಲಿಲ್ಲ?"

"ಬಿಗಿಯಾಗಿದೆ ಅಂದಿದ್ರೆ ಬಿಚ್ತಿದ್ದೆ. ನೀವು ಅಳತೆ ತಪ್ಪು ಅಂದ್ರಿ."

ಬೀರುವಿನ ಬಾಗಿಲು ತೆರೆದ ಸದ್ದು. ಬಳಿಕ ಅತ್ತೆಯಿಂದ ಸೊಸೆ ಎಂದೂ ಕೇಳಿರದ ದನಿಯೊಂದು, ಇಡೀ ಬಾಯಿಂದ ಬಂದದ್ದು: "ಓಣೀಲಿ ನಿಮ್ಮದೊಂದಡಿ ಜಾಗ ಬೇಕಿತ್ತು. ಮಕ್ಕಳು ಹೊರಟುನಿಂತಿದಾರೆ."

"ಮೊದಲು ಕೋಟು ಕೂತ್ಕೊಳ್ಳಲಿ" ಎಂದರು ಮೇಷ್ಟ್ರು.

ಕೂತಿತು. ಗುಂಡಿ ಹಾಕಿಕೊಂಡೇ ಅವರು ಓಣಿಗೆ ಬಂದು, ಮೆಟ್ಟಿಲಿನ ಗುರುತಿಗೆಂದು ಮೇಸ್ತ್ರಿ ಎಳೆದಿದ್ದ ಸುಣ್ಣದ ಗೆರೆಯನ್ನು ಕಾಲಿನಿಂದ ಒರೆಸಿ, ತಮ್ಮ ಗೋಡೆಯತ್ತ ಇನ್ನೂ ಅರ್ಧ ಅಡಿ ಸರಿಸಿದರು. "ಬಸುರಿ ಹತ್ತೋ ಮೆಟ್ಟಿಲು. ಬಿಗಿಯಾಗಬಾರದು" ಎಂದು ಅತ್ತೆಯತ್ತ ನೋಡಿಯೇ ಹೇಳಿದರು. ಆ ಸಂಜೆ ಸೊಸೆ ಟ್ರಂಕಿನಿಂದ ಫ್ರಾಕುಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಲೋಕದಲ್ಲಿ ಇಂಥವರಿದ್ದಾರೆ: ಏನು ಕೊಟ್ಟರೂ ಅಂಚಿನಲ್ಲಿ ಎರಡು ಬೆರಳು ಹೆಚ್ಚಿಗೆ ಮಡಿಸಿಟ್ಟು ಕೊಡುತ್ತಾರೆ, ಕೊಟ್ಟದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರ ಮಾತು ತೊಟ್ಟವರಿಗೆ ಬಿಗಿ. ಯಾರಾದರೂ ಹೊಲಿಗೆ ಬಿಚ್ಚುವ ತನಕ, ಒಳಗೆ ಎಷ್ಟು ಬಟ್ಟೆಯಿದೆಯೆಂದು ಅವರಿಗೂ ನೆನಪಿರುವುದಿಲ್ಲ.