ಖಾಲಿ ಡಬ್ಬಿ

“ಏ ರಂಡೇರಾ! ನಾಲಾದ ದಂಡಿಗೆ ಸಾಲಾಗಿ ಕುಂತು ಹೇಲೂದು ಬರ್ತದ, ಒಂದ ಡಬ್ಯಾಗ ಹಾಕ್ರಂದ್ರ ನಾಚಿಕಿ ಬರ್ತದೇನು?”

ಕೂಲಿಯಾಳುಗಳ ಮುಕಾದಮ ಅಪ್ಪಾಸಾಹೇಬನ ಬಾಯಿಯೂ ಕಾಂಕ್ರೀಟ್ ಮಿಕ್ಸರೂ ಒಟ್ಟಿಗೇ ಗಡಗಡಿಸುತ್ತಿದ್ದವು. ಚಿಂಚವಾಡದ ಆಚೆ ಏಳುತ್ತಿದ್ದ ಆ ಕಟ್ಟಡದ ಬುಡದಲ್ಲಿ ಹೆಣ್ಣಾಳುಗಳೆಲ್ಲ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಡಬ್ಬಿಗಳೆಲ್ಲ ಖಾಲಿ. ಹೊಟ್ಟೆಯ ಹುಳ ಪತ್ತೆ ಮಾಡಲು ಬಂದಿದ್ದ ಡಾಕ್ಟರ್ ಇಂಪನಾ, ಬೆಂಗಳೂರಿನ ಹುಡುಗಿ, ಮೊಬೈಲಿಗೆ ಪುಟ್ಟ ಲೆನ್ಸ್ ಸಿಕ್ಕಿಸಿಕೊಂಡು ಕಾದಿದ್ದಳು. ಈ ಪರೀಕ್ಷೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಬಿಲ್ಡರ್ ಸಾಹೇಬರು ಆಗಲೇ ಮನೆ ಬಿಟ್ಟಿದ್ದರು. ಡಬ್ಬಿ ತುಂಬದಿದ್ದರೆ ಫೋಟೋ ಇಲ್ಲ, ಫೋಟೋ ಇಲ್ಲದಿದ್ದರೆ ಅಪ್ಪಾಸಾಹೇಬನ ಮುಕಾದಮಿಕೆಗೂ ಸಂಚಕಾರ. ಜನ್ಮದಲ್ಲಿ ಮೊದಲ ಸಲ ಈ ಹೆಂಗಸರ ಹತ್ತಿರ ದೊಡ್ಡವರಿಗೆ ಬೇಕಾದ ವಸ್ತುವೊಂದಿತ್ತು, ಅದೂ ಎಂಥ ವಸ್ತು!

ತುಂಬಿ ಬಂದದ್ದು ಬಸವಣ್ಣೆವ್ವನ ಮಗಳು ಸಪ್ನಾಳ ಡಬ್ಬಿ ಮಾತ್ರ. ಇಂಪನಾ ಮೊಬೈಲನ್ನು ತಾಯಿಯ ಮುಂದೆ ಹಿಡಿದಳು. ಪರದೆಯ ಮೇಲೆ ತೆಳ್ಳನೆ ಸಿಪ್ಪೆಯ ಮೊಟ್ಟೆ.

“ಕೊಕ್ಕೆಹುಳದ್ದು ಅಮ್ಮ. ಆ ಹುಳ ಒಳಗೆ ಕೂತು ರಕ್ತ ಕುಡಿಯುತ್ತೆ. ಹೋದ ಸಲ ಮಾತ್ರೆ ಕೊಟ್ಟಿದ್ದೆ, ಮತ್ತೆ ಬಂದಿದೆ.”

“ಎಲ್ಲಿಂದ ಬರ್ತದ್ರಿ ಬಾಯಾರ?”

“ನೀವೆಲ್ಲ ಹೊರಗೆ ಹೋಗ್ತೀರಲ್ಲ, ಆ ಮಣ್ಣಿಂದ. ಬರಿಗಾಲಲ್ಲಿ ತುಳಿದ್ರೆ ಪಾದದಿಂದಾನೇ ಒಳಗೆ ಹೋಗುತ್ತೆ. ಟಾಯ್ಲೆಟ್ ಯೂಸ್ ಮಾಡಿ, ಪ್ಲೀಸ್.”

ಬಸವಣ್ಣೆವ್ವ ಮಗಳ ಬಿಳಿಚಿದ ಮುಖ ನೋಡಿದಳು. ಆಮೇಲೆ ಆಫೀಸಿನ ಪಕ್ಕದ ಸಂಡಾಸ ನೋಡಿದಳು. ಅದರ ಟೈಲ್ಸನ್ನೆಲ್ಲ ತಲೆಯ ಮೇಲೆ ಹೊತ್ತು ತಂದವಳು ಅವಳೇ. ಬಾಗಿಲಿಗೆ ಬೀಗ, ಅದರ ಚಾವಿ ಅಪ್ಪಾಸಾಹೇಬನ ಉಡುದಾರದಲ್ಲಿ.

“ಮುಕಾದಮ್ರ, ಆ ಕೀಲಿ ತಗೀರಿ. ಡಬ್ಬಿ ತುಂಬಸ್ತೀವಿ.”

“ನಿಮ್ಮಪ್ಪ ಕಟ್ಟಿಸ್ಯಾನೇನ ಅದನ್ನ? ನಿಮ್ಮಂಥಾ ಹೊಲಸ ಮಂದಿ ಕುಂತ್ರ ಸಾಹೇಬ್ರು ಎಲ್ಲಿ ಕುಂದ್ರಬೇಕು?”

“ಸಾಹೇಬ್ರಿಗೆ ನಾಲಾದ ದಂಡಿ ಅದಲ್ರಿ, ಗಾಳಿ ಛಲೋ ಬರ್ತದ. ನಮಗ ಇವತ್ತ ಟೈಲ್ಸ್ ಕಾಣದಿದ್ರ ಬರಂಗಿಲ್ಲ ಅನ್ಲಿಕ್ಕತ್ತದ. ನಮ್ಮ ಹೊಟ್ಟಿಗಿ ನೀವ ತಿಳಿಸಿ ಹೇಳ್ರಿ.”

ಹೆಂಗಸರು ಗೊಳ್ಳೆಂದು ನಕ್ಕು ಖಾಲಿ ಡಬ್ಬಿ ಬಡಿದರು. ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು. ಅಪ್ಪಾಸಾಹೇಬ ಬೈಯುತ್ತಲೇ ಬೀಗ ಬಿಚ್ಚಿದ, ಚಾವಿ ಸಮೇತ ಅದನ್ನು ಇಟ್ಟಂಗಿಯ ಮೇಲಿಟ್ಟು, ಹಲ್ಲು ಕಿರಿಯುತ್ತ ಗೇಟಿಗೆ ಓಡಿದ.

ಫೋಟೋ ಆಯಿತು. ಸಾಹೇಬರು ಮೂಗು ಮುಚ್ಚಿಕೊಂಡೇ ನಕ್ಕು ಹೊರಟುಹೋದರು. ಅಪ್ಪಾಸಾಹೇಬ ತಿರುಗಿ ಬಂದಾಗ ಸಂಡಾಸದ ಮುಂದೆ ಇನ್ನೂ ಸಾಲು ನಿಂತೇ ಇತ್ತು. ಸಪ್ನಾ ಒದ್ದೆ ಕೈ ಝಾಡಿಸುತ್ತ ಹೊರಬಂದಳು.

“ಅವ್ವಾ, ಒಳಗ ನಳಾ ಅದ!”

“ಸಾಕ ನಡೀರಿ! ಕೀಲಿ ಎಲ್ಲೈತಿ?”

ಬಸವಣ್ಣೆವ್ವ ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತ ಮಿಕ್ಸರಿನ ಕಡೆ ಗದ್ದ ಎತ್ತಿದಳು.

“ಜಲ್ಲಿ ಖಡಿ ಜೋಡಿ ಮಿಕ್ಸರಿನಾಗ ಹೋತ್ರಿ. ಸ್ಲ್ಯಾಬಿನಾಗ ಕುಂತದ. ಬೇಕಂದ್ರ ಬಿಲ್ಡಿಂಗ ಒಡದು ತಗೋರಿ.”

“ಹೊಸಾದು ತರ್ತೀನಿ, ಹಾದರಗಿತ್ತಿ!”

“ತರ್ರಿ. ಮಿಕ್ಸರ್ ಬಾಯಿ ತಕ್ಕೊಂಡ ಅದ.”

ಸಾಲಿನಲ್ಲಿ ಮುಂದಿದ್ದವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.