ಚಿರತೆ ಹೊತ್ತೊಯ್ದ ನಾಯಿ

ಮಹೇಂದ್ರ ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಜಗಲಿಯ ಗೋಣಿತಾಟಿನ ಮೇಲೆ ಮಲಗಿದ್ದ ಕೆಂಪಿ ಧಡಕ್ಕನೆ ಎದ್ದಿತು. ಆರು ವಾರದಿಂದ ಮೂರೇ ಕಾಲಲ್ಲಿ ಕುಂಟುತ್ತಿದ್ದ ನಾಯಿ, ಪಟ್ಟಿ ಕಟ್ಟಿದ್ದ ನಾಲ್ಕನೆಯದನ್ನೂ ಊರಿಕೊಂಡು ಓಡಿತು. ಅವನನ್ನು ಎರಡು ಸುತ್ತು ಸುತ್ತಿ, ಕುಂಯ್‌ಗುಟ್ಟುತ್ತ ಪಾದ ನೆಕ್ಕಿ, ಸಂತೋಷ ತಡೆಯಲಾರದೆ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಕಟ್ಟೆಮಳಲವಾಡಿಯ ಈ ಮನೆಗೆ ಬಂದ ಮೇಲೆ ಅದು ಯಾರನ್ನು ಕಂಡೂ ಹೀಗೆ ಆಡಿರಲಿಲ್ಲ. ತನ್ನನ್ನು ಸಾಕುತ್ತಿದ್ದ ಮಾಯಮ್ಮನನ್ನು ಕಂಡು ಕೂಡ.

"ಇದ್ಯಾಕೆ ಇಂಗಾಡ್ತದೆ?" ಎಂದಳು ಮಾಯಮ್ಮ, ಅಕ್ಕಿ ಕೇರುತ್ತಿದ್ದ ಮೊರವನ್ನು ಹಾಗೇ ಹಿಡಿದುಕೊಂಡು.

"ಹೊಸಬ್ರನ್ನ ಕಂಡ್ರೆ ನಾಯಿಗೋಳು ಅಂಗೇಯ," ಎಂದ ಅವಳ ತಮ್ಮ ಮಹೇಂದ್ರ. ಅವನು ನಾಯಿಯ ಕಡೆ ನೋಡಲಿಲ್ಲ. ಮಾಡಿನ ಹೆಂಚು ನೋಡುತ್ತಿದ್ದ.

ಮಾಯಮ್ಮ ಮೊರ ಕೆಳಗಿಟ್ಟಳು. ತಮ್ಮನನ್ನೂ ನಾಯಿಯನ್ನೂ ನೋಡಿ ಮೆಲ್ಲಗೆ ಕರೆದಳು: "ಜಿಮ್ಮೀ."

ನಾಯಿ ತಟ್ಟನೆ ತಿರುಗಿ ಅವಳ ಮುಖ ನೋಡಿತು.

ಪಿರಿಯಾಪಟ್ಟಣದಲ್ಲಿ ಮಹೇಂದ್ರನ ಮಗಳು ಚಿನ್ನು ಸಾಕಿದ್ದ ನಾಯಿಯ ಹೆಸರು ಅದು. ಅಂಗೈಯಷ್ಟು ಮರಿಯಾಗಿದ್ದಾಗ ಮಾಯಮ್ಮ ಒಮ್ಮೆ ನೋಡಿದ್ದಳು, ಅಷ್ಟೇ. ಎರಡು ತಿಂಗಳ ಹಿಂದೆ ಮಹೇಂದ್ರ ಫೋನ್ ಮಾಡಿ, ಅದನ್ನು ಚಿರತೆ ಹೊತ್ತುಕೊಂಡು ಹೋಯಿತು ಎಂದಿದ್ದ. ಒಂಬತ್ತು ವರ್ಷದ ಚಿನ್ನು ಮೂರು ದಿನ ಅನ್ನ ಮುಟ್ಟಿರಲಿಲ್ಲ. ಮಾಯಮ್ಮನೇ ಬಸ್ಸು ಹತ್ತಿ ಹೋಗಿ, ಮಡಿಲಲ್ಲಿ ಮಲಗಿಸಿಕೊಂಡು, "ಚಿರ್ತೆಗೂ ಮರಿಗೋಳು ಇರ್ತಾವೆ ಕಣವ್ವ, ಅವ್ಕೂ ಹೊಟ್ಟೆ ಹಸಿತದೆ" ಎಂದು ಸಮಾಧಾನ ಮಾಡಿ ಬಂದಿದ್ದಳು.

ಅದಾಗಿ ಹತ್ತು ದಿನಕ್ಕೆ ಪೂಜಾ ಈ ನಾಯಿಯನ್ನು ತಂದಳು. ಪೂಜಾ ಇದೇ ಊರಿನ ಶಾಲೆಯಲ್ಲಿ ಮಾಯಮ್ಮ ಬೇಯಿಸಿದ ಬಿಸಿಯೂಟ ಉಂಡು ಬೆಳೆದ ಹುಡುಗಿ. ಈಗ ಹುಣಸೂರಿನಲ್ಲಿ ಪಶುವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದು, ಪೆಟ್ಟಾದ ನಾಯಿಗಳನ್ನು ಎತ್ತಿ ತಂದು ಚಿಕಿತ್ಸೆ ಕೊಡಿಸುತ್ತಿದ್ದಳು. ಇದನ್ನು ಯಾರೋ ನಾಲೆ ಏರಿಯ ಮೇಲೆ ಕರೆಂಟು ಕಂಬಕ್ಕೆ ಬಿಗಿದು ಹೋಗಿದ್ದರಂತೆ. "ಎರಡೇ ತಿಂಗಳು ಇಟ್ಕೊಳ್ಳಿ ಮಾಯಮ್ಮಕ್ಕ. ಕಾಲು ಕೂಡ್ಕೊಂಡ್ಮೇಲೆ ಸಾಕೋರು ಯಾರಾದ್ರೂ ಸಿಗ್ತಾರೆ," ಎಂದಿದ್ದಳು. ಗಂಡ ತೀರಿಕೊಂಡ ಮೇಲೆ ಮಾಯಮ್ಮನದು ಒಂಟಿ ಮನೆ. ಬೇಡ ಬೇಡ ಎನ್ನುತ್ತಲೇ ಇಟ್ಟುಕೊಂಡಳು. ಮೊದಲ ವಾರ ಅದು ಗೋಡೆಗೆ ಮುಖ ಹಾಕಿ ಮಲಗಿರುತ್ತಿತ್ತು. ಮುದ್ದೆಯನ್ನು ಹಾಲಲ್ಲಿ ಕಿವುಚಿ, ಬೆರಳಿಗೆ ಹಚ್ಚಿ ನೆಕ್ಕಿಸಿ ಉಳಿಸಿಕೊಂಡಿದ್ದಳು.

ನಾಲೆ ಏರಿಯ ಮೇಲೆ ಸಿಕ್ಕ ಈ ಕೆಂಪಿಯ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳಿದಾಗಿನಿಂದ, ಈ ಆರು ವಾರವೂ ಮಹೇಂದ್ರ ಏನಾದರೊಂದು ನೆಪ ಹೇಳಿ ಅಕ್ಕನ ಮನೆಗೆ ಬರುವುದನ್ನು ತಪ್ಪಿಸಿದ್ದ. ಇವತ್ತು ಅವ್ವನ ವರ್ಷದ ಎಡೆಯ ಮಾತಾಡಲು ಬರಲೇಬೇಕಾಗಿತ್ತು.

"ಗಾಡಿ ರಿವರ್ಸ್ ತಗೊಳ್ಳೋವಾಗ ಅಡ್ಡ ಬಂದ್ಬುಡ್ತು ಕಣಕ್ಕ," ಎಂದು ಅವನು ಜಗಲಿಯ ತುದಿಗೆ ಕುಸಿದ. "ಕಾಲು ನುಜ್ಜಾಗೋಯ್ತು. ಚಿನ್ನು ಸ್ಕೂಲಿಂದ ಬರೋ ಒತ್ತು. ನಾನೇ ಗಾಡಿ ಅತ್ತುಸ್ಬುಟ್ಟೆ ಅಂತ ಮಗೀಗೆ ಎಂಗೆ ಯೋಳ್ಲಿ? ಬದುಕಕ್ಕಿಲ್ಲ ಅನ್ಕಂಡೆ."

"ಬದುಕ್ದೆ ಇರೋದನ್ನ ಯಾಕ್ಲಾ ಕಟ್ಟಾಕ್ದೆ?"

ನಾಯಿ ಮಹೇಂದ್ರನ ಮೊಣಕಾಲ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತ್ತು. ಅದನ್ನು ನೋಡಲಾಗದೆ ಮಾಯಮ್ಮ ಒಳಗೆ ಹೋದಳು. ಅವನು ಹಿಂದೆಯೇ ಬಂದು ಅವಳ ಕೈ ಹಿಡಿದುಕೊಂಡು ಅತ್ತ. "ಭಾನುವಾರ ಚಿನ್ನುನ ಕರ್ಕೊಂಬತ್ತೀನಿ. ನಾನೇ ಎಲ್ಲಾ ಯೋಳ್ತೀನಿ. ಅಲ್ಲಿಗಂಟ ನೀನು ಬಾಯ್ಬುಡಬ್ಯಾಡ ಕಣಕ್ಕ."

ಅವ್ವ ಸತ್ತಾಗ ಅವನಿಗೆ ಆರು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮಾಯಮ್ಮ ಒಪ್ಪಿದಳು.

ಶುಕ್ರವಾರ ಮಾಯಮ್ಮ ಶಾಲೆಯ ಅಡುಗೆ ಮುಗಿಸಿ ಬಂದಾಗ ಗೋಣಿತಾಟು ಬರಿದಾಗಿತ್ತು. ಪಕ್ಕದ ಮನೆಯ ಸೋಮಮ್ಮ ಬೇಲಿಯ ಮೇಲಿಂದ ಹೇಳಿದಳು: "ನಿನ್ ತಮ್ಮ ಬಂದಿದ್ದ ಕಣ್ ಮಾಯಿ. ಕಟ್ಟೋದೂ ಬ್ಯಾಡ, ಎಳಿಯೋದೂ ಬ್ಯಾಡ, ನಾಯಿ ತಾನಾಗೇ ಗಾಡಿ ಮ್ಯಾಕೆ ಮುಂಗಾಲಾಕ್ತು. ಬಾಲ ಏನ್ ಅಲ್ಲಾಡುಸ್ತಿತ್ತು ಅಂತೀಯ!"

ಫೋನ್ ಮಾಡಿದರೆ ಮಹೇಂದ್ರನ ದನಿ ಹಗುರಾಗಿತ್ತು. "ಭಾನುವಾರದ್ಗಂಟ ಯಾಕೆ ಅಂತ ಇವತ್ತೇ ಕರ್ಕೊಂಬಂದೆ ಕಣಕ್ಕ. ಚಿನ್ನು ತಬ್ಕೊಂಡೋಳು ಬುಡ್ತಾನೇ ಇಲ್ಲ."

ಮಾಯಮ್ಮನಿಗೆ ಅಳು ಬಂತು, ನಗುವೂ ಬಂತು. ಪೂಜಾಗೆ ಫೋನ್ ಮಾಡಿ, ಅದರ ಮನೆ ಸಿಕ್ಕಿತು ಎಂದು ಹೇಳಿದಳು. ನಾಯಿಗೆ ಇನ್ನೂ ಐದು ದಿನದ ಮಾತ್ರೆ ಉಳಿದಿತ್ತು. ಶನಿವಾರ ಅರ್ಧ ದಿನದ ಅಡುಗೆ ಮುಗಿಸಿ, ಮಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದಳು.

ಬಾಗಿಲು ತೆಗೆದವಳು ಚಿನ್ನು.

"ಅತ್ತೇ! ನಿನ್ ಕೆಂಪಿ ಎಂಗದೆ? ನಂಗ್ಯಾವತ್ತು ತೋರುಸ್ತೀಯ? ಅಪ್ಪ ಕರ್ಕೊಂಡೇ ಓಗಲ್ಲ ಅಂತದೆ."

ಮಾಯಮ್ಮ ಹೊಸ್ತಿಲ ಆಚೆಯೇ ನಿಂತಳು. ಮಗುವಿನ ತಲೆ ಸವರಲು ಎತ್ತಿದ ಕೈ ಹಾಗೇ ಉಳಿಯಿತು. ಅಷ್ಟರಲ್ಲಿ ಮಹೇಂದ್ರ ಹೆಗಲಿಗೆ ಟವೆಲ್ಲು ಹಾಕಿಕೊಂಡು ಹಿತ್ತಲಿಂದ ಬಂದ. ಅಕ್ಕನನ್ನು ಕಂಡು ಅಲ್ಲೇ ನಿಂತ.

"ಎಲ್ಲಿ ಬುಟ್ಟೆ?"

"ಒಳಕ್ಕೆ ಬಾಕ್ಕ, ಕಾಫಿ ಕುಡಿಯಂತೆ..."

"ಎಲ್ಲಿ ಬುಟ್ಟೆ ಅಂದೆ."

"ಕಾಡಂಚಿನ ಚೆಕ್‌ಪೋಸ್ಟ್ ತಾವ," ಎಂದ ಅವನು ದನಿ ತಗ್ಗಿಸಿ. "ಟೀ ಅಂಗ್ಡಿ ಅದೆ. ಜನ ಏನಾದ್ರೂ ಆಕ್ತಾರೆ ಬುಡು."

"ಏನನ್ನಪ್ಪ ಬುಟ್ಟಿದ್ದು?" ಎಂದಳು ಚಿನ್ನು.

ಮಹೇಂದ್ರ ಅಕ್ಕನ ಮುಖ ನೋಡಿದ. ಆ ನೋಟ ಮಾಯಮ್ಮನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಗಡಿಗೆ ಒಡೆದಾಗ, ಪರೀಕ್ಷೆಯಲ್ಲಿ ಫೇಲಾದಾಗ, ಅಪ್ಪನೆದುರು ನಿಂತು ಅವನು ಹೀಗೇ ಅವಳ ಕಡೆ ನೋಡುತ್ತಿದ್ದ. ಪ್ರತಿ ಸಲವೂ ಅವಳೇ ಮುಂದೆ ಬಂದು ಏನಾದರೊಂದು ಸುಳ್ಳು ಹೇಳಿ ಅವನನ್ನು ಉಳಿಸಿದ್ದಳು.

"ಮಗ ಕೇಳ್ತದೆ, ಯೋಳು," ಎಂದಳು ಮಾಯಮ್ಮ.

ಅವನು ಟವೆಲ್ಲಿನ ಅಂಚು ತಿರುಚುತ್ತಾ ನಿಂತ. ಕೊನೆಗೆ ಅವಳೇ ಚಿನ್ನುವಿನ ಎದುರು ಕುಕ್ಕರಗಾಲಲ್ಲಿ ಕೂತಳು. "ಜಿಮ್ಮಿನ ಚಿರ್ತೆ ಇಡೀಲಿಲ್ಲ ಕಣವ್ವ."

ಹೇಳುವುದೆಲ್ಲ ಹೇಳಿದಳು. ಚಿನ್ನು ಅಳಲಿಲ್ಲ. ಒಂದು ಸಲ ಮಾತ್ರ ತಿರುಗಿ ಅಪ್ಪನನ್ನು ನೋಡಿದಳು.

ಮಾಯಮ್ಮ ಪೂಜಾಗೆ ಫೋನ್ ಮಾಡಿದಳು. ಅಲ್ಲಿಯವರನ್ನು ವಿಚಾರಿಸಿ ಹತ್ತು ನಿಮಿಷಕ್ಕೆ ಪೂಜಾ ತಿರುಗಿ ಫೋನ್ ಮಾಡಿದಳು: ಕಾಲಿಗೆ ಪಟ್ಟಿ ಕಟ್ಟಿದ ಕೆಂಚು ನಾಯಿಯೊಂದು ನಿನ್ನೆಯಿಂದ ಟೀ ಅಂಗಡಿಯ ಬೆಂಚಿನಡಿ ಮಲಗಿದೆ, ಬನ್ನು ಹಾಕಿದರೂ ಮೂಸಿ ನೋಡುತ್ತಿಲ್ಲ, ನೀವು ಬರುವ ತನಕ ನೋಡಿಕೊಳ್ಳಿ ಎಂದು ಅಂಗಡಿಯವರಿಗೆ ಹೇಳಿದ್ದೇನೆ.

"ನಾನೂ ಬತ್ತೀನಿ," ಎಂದಳು ಚಿನ್ನು.

"ಗಾಡೀಲೇ ಓಗ್ಬುಡಣ, ಬಿರ್ನೆ ಓಗ್ಬೋದು," ಎಂದು ಮಹೇಂದ್ರ ಕೀಲಿಕೈ ಹುಡುಕಿದ. ಅವನು ಹೊರಗೆ ಬರುವಷ್ಟರಲ್ಲಿ ಮಗು ಅತ್ತೆಯ ಸೆರಗು ಹಿಡಿದು ಬೀದಿಯ ತಿರುವು ದಾಟಿತ್ತು.

ಚೆಕ್‌ಪೋಸ್ಟ್ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಚಿನ್ನು ಕಿಟಕಿಯ ಪಕ್ಕ ಕೂತಳು. ಅವಳ ಬರಿಗಾಲಿಗೆ ಮೆತ್ತಿದ ಕೆಸರನ್ನು ಮಾಯಮ್ಮ ಸೆರಗಿನಿಂದ ಒರೆಸುತ್ತಿರುವಾಗ ಮಹೇಂದ್ರ ಏದುಸಿರು ಬಿಡುತ್ತಾ ಓಡಿ ಬಂದ. "ಚಿನ್ನೂ, ಮಗಾ," ಎಂದು ಕಿಟಕಿಯ ಸರಳು ತಟ್ಟಿದ. ಚಿನ್ನು ಎದ್ದು, ಅತ್ತೆಯನ್ನು ದಾಟಿ, ಈಚೆ ಬದಿಗೆ ಬಂದು ಕೂತಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಸ್ಟ್ಯಾಂಡು ಬಿಟ್ಟು ರಸ್ತೆಗೆ ಹೊರಳುವಾಗ ಮಾಯಮ್ಮ ತಿರುಗಿ ನೋಡಿದಳು. ಮಹೇಂದ್ರ ಮಗಳ ಗುಲಾಬಿ ಬಣ್ಣದ ಚಪ್ಪಲಿಗಳನ್ನು ಎರಡು ಕೈಯಲ್ಲಿ ಒಂದೊಂದು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ.